ಕೋಡಿಂಗ್ ಏಜೆಂಟ್‌ಗೆ ಫೈಲ್ ಓದೋ ಟೂಲ್ ಬರ್ದೆ, ಡಾಕ್ಯುಮೆಂಟೇಶನ್ ಯಾರಿಗೆ ಅಂತ ಬರೀಬೇಕು?

ಮುದ್ದೆ_ಬಸ್ಸಾರು:
ಎಲ್ರಿಗೂ ನಮಸ್ಕಾರ. ಆಫೀಸಲ್ಲಿ ನಮ್ದೇ ಒಂದು ಕೋಡಿಂಗ್ ಏಜೆಂಟ್ (ಎಐ ಮಾಡೆಲ್ ತಾನೇ ಟೂಲ್ ಬಳಸಿ ಕೋಡ್ ಓದಿ ಬರಿಯೋ ಪ್ರೋಗ್ರಾಂ) ಕಟ್ತಾ ಇದೀವಿ, ಅದ್ರಲ್ಲಿ ಫೈಲ್ ಓದೋ ಟೂಲ್ ನನ್ ಪಾಲಿಗೆ ಬಂತು. ಕೋಡ್ ಅರ್ಧ ದಿನದಲ್ಲಿ ಮುಗೀತು, ಪಾತ್ ಕೊಟ್ರೆ ಒಳಗಿರೋದನ್ನ ಕೊಡತ್ತೆ, ಫೈಲ್ ದೊಡ್ದಾದ್ರೆ ಮೊದಲ 500 ಸಾಲು ಕೊಟ್ಟು ನಿಲ್ಲತ್ತೆ, ಎಲ್ಲಿಂದ ಎಷ್ಟು ಸಾಲು ಬೇಕು ಅಂತ ಕೇಳೋಕೆ ಆಫ್‌ಸೆಟ್, ಲಿಮಿಟ್ ಎರಡೂ ಇದೆ. ಡಿಸ್ಕ್ರಿಪ್ಶನ್‌ನಲ್ಲಿ "ಫೈಲ್ ಓದುತ್ತದೆ" ಅಂತ ಒಂದು ಸಾಲು ಹಾಕಿ, ಮಿಕ್ಕಿದ್ದೆಲ್ಲ ನಮ್ ವಿಕಿಲಿ ಎರಡು ಪುಟ ಬರ್ದೆ, ಟೇಬಲ್ ಗೀಬಲ್ ಎಲ್ಲ ಹಾಕಿ ಚೆನ್ನಾಗೇ ಬರ್ದಿದೀನಿ.

ಈಗ ನೋಡಿದ್ರೆ ಏಜೆಂಟ್ 1400 ಸಾಲಿನ ಫೈಲಲ್ಲಿ 500 ಓದ್ಕೊಂಡು "ಇಂಥ ಫಂಕ್ಷನ್ ಇಲ್ಲ" ಅಂತ ತೀರ್ಮಾನ ಮಾಡಿ ಅದನ್ನೇ ಇನ್ನೊಂದ್ಸಲ ಬರ್ದು ಹಾಕಿದೆ. ಇದ್ದಿದ್ದು 900ನೇ ಸಾಲ್ ಹತ್ರ! ಪುಣ್ಯಕ್ಕೆ ರಿವ್ಯೂನಲ್ಲಿ ಸಿಕ್ತು. ಮ್ಯಾನೇಜರ್ ಮಾಡೆಲ್ ಬದಲಾಯ್ಸಿ ಅಂತಾರೆ, ನಂಗೆ ಡೌಟ್ ನಾನ್ ಬರ್ದಿರೋದ್ರ ಮೇಲೇ. ನೀವೆಲ್ಲ ಹೆಂಗ್ ಬರೀತೀರ?

ಮಳೆಗಾಲದ_ಹುಡುಗಿ:
ಮಾಡೆಲ್‌ನ ಬೈಬೇಡಿ ಪಾಪ, ನಿಮ್ ವಿಕಿ ಅದರ ಕಣ್ಣಿಗೆ ಬಿದ್ದೇ ಇಲ್ವಲ್ಲ. ಅದಕ್ಕೆ ಸಿಗೋದು ಟೂಲ್ ಹೆಸರು, ಡಿಸ್ಕ್ರಿಪ್ಶನ್, ಪ್ಯಾರಾಮೀಟರ್‌ಗಳ ವಿವರ, ಆಮೇಲೆ ಟೂಲ್ ಏನು ವಾಪಸ್ ಕೊಡತ್ತೋ ಅದು, ಅಷ್ಟೇ. ಹೊಸದಾಗಿ ಸೇರಿದವ್ರಾದ್ರೆ ಪಕ್ಕದ ಸೀಟಲ್ಲಿ ಕೇಳ್ತಾರೆ, ಇದು ಯಾರನ್ನ ಕೇಳತ್ತೆ ಹೇಳಿ. 500ಕ್ಕೆ ನಿಲ್ಲತ್ತೆ ಅಂತ ಡಿಸ್ಕ್ರಿಪ್ಶನ್‌ನಲ್ಲಿ ಇಲ್ಲ ಅಂದ್ರೆ ಬಂದಿದ್ದೇ ಪೂರ್ತಿ ಫೈಲ್ ಅಂದ್ಕೊಳ್ಳೋದು ಸಹಜ ಅಲ್ವಾ.

ಆಂಥ್ರೋಪಿಕ್ ಕಂಪನಿಯ ಕೋಡಿಂಗ್ ಏಜೆಂಟ್ ಕ್ಲಾಡ್ ಕೋಡ್‌ನ ರೀಡ್ ಟೂಲ್ ವಿವರಣೆ 2025ರಲ್ಲಿ ನೋಡಿದ್ದೆ, ಪಾತ್ ಪೂರ್ತಿ ಇರ್ಬೇಕು, ಏನೂ ಹೇಳ್ದಿದ್ರೆ 2000 ಸಾಲಿನ ತನಕ ಓದತ್ತೆ, ಒಂದ್ ಸಾಲು 2000 ಕ್ಯಾರೆಕ್ಟರ್ ದಾಟಿದ್ರೆ ಕತ್ತರಿಸತ್ತೆ, ಸಾಲಿನ ನಂಬರ್ 1ರಿಂದ ಶುರು, ಹೀಗೆ ಎಲ್ಲ ಅಲ್ಲೇ ಇತ್ತು. ಪಾತ್ ವಿಷ್ಯ ಸಣ್ಣದು ಅನ್ಸತ್ತೆ ಆದ್ರೆ ಸಣ್ಣದಲ್ಲ. ಆಂಥ್ರೋಪಿಕ್‌ನವ್ರೇ 2024ರ ಡಿಸೆಂಬರ್‌ನಲ್ಲಿ ಬರ್ಕೊಂಡಿದ್ರು, ಏಜೆಂಟ್ ಬೇರೆ ಫೋಲ್ಡರ್‌ಗೆ ಹೋದ್ಮೇಲೆ ರಿಲೇಟಿವ್ ಪಾತ್ (ಆಗ ಇರೋ ಫೋಲ್ಡರ್‌ನಿಂದ ಲೆಕ್ಕ ಹಾಕೋ ಪಾತ್) ಕೊಟ್ಟು ಎಡವ್ತಾ ಇತ್ತಂತೆ, ಯಾವಾಗ್ಲೂ ರೂಟ್‌ನಿಂದ ಪೂರ್ತಿ ಪಾತ್ ಕೊಡ್ಬೇಕು ಅಂತ ಟೂಲನ್ನೇ ಬದಲಾಯ್ಸಿದ್ಮೇಲೆ ಆ ತಪ್ಪು ನಿಂತೋಯ್ತಂತೆ.

ಇನ್ನೊಂದು, ಸಾಲಿನ ನಂಬರ್ ಹಾಕಿ ಕೊಡ್ತೀರಾ? ಹಾಗಿದ್ರೆ ಆ ನಂಬರ್ ಫೈಲ್‌ನ ಭಾಗ ಅಲ್ಲ ಅಂತ ಬರೀಲೇಬೇಕು. ನಾನು ಬರೀದೇ ಇದ್ದಾಗ ಏಜೆಂಟ್ ನಂಬರ್ ಸಮೇತ ಕಾಪಿ ಮಾಡಿ ಎಡಿಟ್ ಟೂಲ್‌ಗೆ ಕೊಡ್ತಿತ್ತು, ಅಲ್ಲಿ ಮ್ಯಾಚ್ ಆಗ್ತಿರ್ಲಿಲ್ಲ, ಮತ್ತೆ ಓದೋದು, ಮತ್ತೆ ಅದೇ ತಪ್ಪು, ಒಂದಿಡೀ ಮಧ್ಯಾಹ್ನ ಇದನ್ನೇ ನೋಡ್ಕೊಂಡ್ ಕೂತಿದ್ದೆ. ಆಫ್‌ಸೆಟ್ 0ಯಿಂದಲೋ 1ರಿಂದಲೋ ಅನ್ನೋದೂ ಹಾಗೇ, ಬರೀದಿದ್ರೆ ಒಂದ್ ಸಾಲು ಆಚೀಚೆ ಆಗ್ತಾನೇ ಇರತ್ತೆ.

ಧಾರವಾಡ_ಫೇಡೆ:
ಮೇಡಂ ಹೇಳಿದ್ದು ಖರೇ ಐತ್ರಿ, ಆದ್ರ ಡಿಸ್ಕ್ರಿಪ್ಶನ್ ಒಂದರಾಗ ಎಲ್ಲಾ ತುರುಕಬ್ಯಾಡ್ರಿ. ಅದು ಪ್ರತಿ ರಿಕ್ವೆಸ್ಟಿಗೂ ಜೋಡಿ ಹೋಗತೈತಿ, ಎರಡು ಪುಟ ಹಾಕಿದ್ರ ಎರಡು ಪುಟದ ಟೋಕನ್ (ಮಾಡೆಲ್ ಓದೂ ಪಠ್ಯದ ತುಣುಕು) ಪ್ರತಿ ಸಲ ಖರ್ಚು. ಬೇಕಾದ ಮಾತು ಬೇಕಾದಾಗ ಹೇಳ್ರಿ, ಅಂದ್ರ ಔಟ್‌ಪುಟ್ಟಿನೊಳಗ. 500 ಸಾಲು ಕೊಟ್ಟು ಸುಮ್ನ ನಿಲ್ಲೂದು ಬಿಟ್ಟು ಕಡೀಕ "ಒಟ್ಟು 1400 ಸಾಲು, 1ರಿಂದ 500 ತೋರಿಸಿದೆ, ಮುಂದಿನದಕ್ಕ ಆಫ್‌ಸೆಟ್ 501" ಅಂತ ಹಚ್ಚಿ ನೋಡ್ರಿ, ಅರ್ಧ ತ್ರಾಸು ಅಲ್ಲೇ ಮುಗೀತೈತಿ. ಫೋಲ್ಡರ್ ಪಾತ್ ಕೊಟ್ರ ಬರೇ "ಎರರ್" ಅನ್ನಬ್ಯಾಡ್ರಿ, ಇದು ಫೋಲ್ಡರ್ ಐತಿ, ಲಿಸ್ಟ್ ಟೂಲ್ ಬಳಸು ಅಂತ ಹೇಳ್ರಿ. ಖಾಲಿ ಫೈಲಿಗೂ ಹಂಗ, ಏನೂ ಕೊಡದಿದ್ರ ಟೂಲ್ ಕೆಟ್ಟೈತಿ ಅಂತ ತಿಳ್ಕೊಂಡು ಹತ್ತು ಸಲ ಓದತೈತಿ ಅದು.

ಮತ್ತ 500 ಯಾಕ ಅಂತ ವಿಚಾರ ಮಾಡೀರೇನು? ಪ್ರಿನ್ಸ್‌ಟನ್‌ನವರ ಎಸ್‌ಡಬ್ಲ್ಯೂಇ-ಏಜೆಂಟ್ ಅನ್ನೂ ಕೋಡಿಂಗ್ ಏಜೆಂಟಿನ ಮ್ಯಾಲೆ 2024ರ ಪೇಪರ್ ಐತಿ, ಅದರಾಗ ಫೈಲ್ ತೋರಿಸೋ ಕಿಡಕಿ 100 ಸಾಲಿಂದು ಇಟ್ಟಿದ್ರು. 30 ಸಾಲು ಇಟ್ಟು ನೋಡಿದ್ರು, ಪೂರಾ ಫೈಲ್ ಕೊಟ್ಟೂ ನೋಡಿದ್ರು, ಎರಡರಾಗೂ ರಿಜಲ್ಟ್ ಇಳೀತು. ನಿಮಗೂ 100ಽ ಇಡ್ರಿ ಅನ್ನಂಗಿಲ್ಲ ನಾ, ಆ ಮಾಡೆಲ್ ಬ್ಯಾರೆ, ನೀವು ನಿಮ್ಮ ಕೋಡಿನ ಮ್ಯಾಲೆ ಹಚ್ಚಿ ನೋಡ್ರಿ.

ಹಾಂ, "ಕಡ್ಡಾಯ ಕಡ್ಡಾಯ ಕಡ್ಡಾಯ" ಅಂತ ಒದರಬ್ಯಾಡ್ರಿ. ಯಾಕ ಅನ್ನೂದು ಒಂದು ಸಾಲು ಬರೀರಿ ಸಾಕು.

ಮುದ್ದೆ_ಬಸ್ಸಾರು:
ಇಬ್ರಿಗೂ ಥ್ಯಾಂಕ್ಸ್, ಕೊನೇಲಿ ಆ ಸಾಲು ಸೇರಿಸ್ದೆ, ತಕ್ಷಣ ವ್ಯತ್ಯಾಸ ಗೊತ್ತಾಯ್ತು, ತಾನಾಗೇ 501 ಅಂತ ಕೇಳ್ತು! ಆದ್ರೆ ಒಂದ್ ವಿಚಿತ್ರ. ನಮ್ ಆ್ಯಪ್‌ನ ಕನ್ನಡ ಸ್ಟ್ರಿಂಗ್ ಫೈಲ್ (ಸ್ಕ್ರೀನ್ ಮೇಲೆ ಬರೋ ಮಾತುಗಳ ಪಟ್ಟಿ) ಓದ್ದಾಗ ಅರ್ಧಕ್ಕೇ ನಿಲ್ಲತ್ತೆ, ಕೊನೇಲಿ ಪ್ರಶ್ನೆ ಗುರುತಿನ ಡೈಮಂಡ್ ಬರತ್ತೆ. ಅಷ್ಟೇ ಸಾಲಿರೋ ಇಂಗ್ಲಿಷ್ ಫೈಲ್ ಸರಿಯಾಗಿ ಬರತ್ತೆ.

ಹಳೇ_ಕೀಬೋರ್ಡ್:
ಸಾಲಿನ ಮಿತಿ ಜೊತೆ ಬೈಟ್ ಮಿತಿನೂ ಎಲ್ಲೋ ಇಟ್ಟಿದೀಯ ನೋಡು ತಮ್ಮಾ. ಯುಟಿಎಫ್-8 ಅಂದ್ರೆ ಅಕ್ಷರನ ಬೈಟ್ ಆಗಿ ಉಳಿಸೋ ಒಂದು ಪದ್ಧತಿ (ಎನ್‌ಕೋಡಿಂಗ್), ಅದ್ರಲ್ಲಿ ಇಂಗ್ಲಿಷ್ ಅಕ್ಷರ 1 ಬೈಟ್, ಕನ್ನಡದ್ದು ಒಂದೊಂದು ಕೋಡ್‌ಪಾಯಿಂಟೂ (ಯೂನಿಕೋಡ್ ನಂಬರ್ ಕೊಟ್ಟಿರೋ ಚಿಹ್ನೆ) 3 ಬೈಟ್. "ಕನ್ನಡ" ಅನ್ನೋ ಪದ ಕಣ್ಣಿಗೆ 3 ಅಕ್ಷರ, ಒಳಗೆ ಕ, ನ, ಒತ್ತಕ್ಷರ ಮಾಡೋ ವಿರಾಮ (್), ನ, ಡ ಅಂತ 5, ಬೈಟ್ ಲೆಕ್ಕದಲ್ಲಿ 15. ಹಂಗಾಗಿ ನಿನ್ ಮಿತಿ ಬೇಗ ಮುಗ್ಯತ್ತೆ, ಆ 3 ಬೈಟ್ ಮಧ್ಯದಲ್ಲಿ ಕತ್ತರಿ ಬಿದ್ರೆ ಡೈಮಂಡ್. ಕತ್ತರಿಸೋದನ್ನ ಸಾಲಿನ ಕೊನೇಲಿ ಕತ್ತರಿಸು, ಮಿತಿ ಬೈಟಲ್ಲೋ ಕ್ಯಾರೆಕ್ಟರಲ್ಲೋ ಅಂತ ಡಿಸ್ಕ್ರಿಪ್ಶನ್‌ನಲ್ಲಿ ಸ್ಪಷ್ಟ ಬರಿ.

ಎನ್‌ಕೋಡಿಂಗ್ ಬಗ್ಗೆನೂ ಒಂದು ಸಾಲು ಇರ್ಲಿ. ನಾವು ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲ್‌ಗಳನ್ನ ಯೂನಿಕೋಡ್‌ಗೆ ತರೋ ಕೆಲ್ಸಕ್ಕೆ ಏಜೆಂಟ್ ಬಿಟ್ಟಿದ್ವಿ. ಅದರೊಳಗೆ ಇರೋದು ಇಂಗ್ಲಿಷ್ ಅಕ್ಷರ, ಚುಕ್ಕೆ ಗೆರೆ ಇರೋ ಯುರೋಪಿನ ಅಕ್ಷರ, ಫಾಂಟ್ ಹಾಕಿದ್ರೆ ಮಾತ್ರ ಕನ್ನಡ ಕಾಣೋದು. ಏಜೆಂಟ್ ಅದನ್ನ ನೋಡಿ ಫೈಲ್ ಹಾಳಾಗಿದೆ ಅಂತ ತಾನೇ ರಿಪೇರಿಗೆ ಇಳೀತು! ಬ್ಯಾಕಪ್ ಇತ್ತು, ಬಚಾವ್. "ಈ ಟೂಲ್ ಎನ್‌ಕೋಡಿಂಗ್ ಬದಲಾಯಿಸುವುದಿಲ್ಲ, ಇದ್ದದ್ದು ಇದ್ದಂತೆ ಕೊಡುತ್ತದೆ" ಅಂತ ಬರ್ದ್ಮೇಲೆ ಸುಮ್ನಾಯ್ತು.

ಮುದ್ದೆ_ಬಸ್ಸಾರು:
ಹೌದು ಅಣ್ಣ, 32 ಕೆಬಿ ಮಿತಿ ಇತ್ತು, ನಾನೇ ಹಾಕಿ ನಾನೇ ಮರ್ತಿದ್ದೆ, ವಿಕಿಲೂ ಇರ್ಲಿಲ್ಲ. ಸರಿ ಮಾಡ್ದೆ. ಈಗ ಹೊಸ ತಲೆನೋವು ಅಂದ್ರೆ ಒಂದು ಫಂಕ್ಷನ್ ಹುಡುಕೋಕೂ 501, 1001 ಅಂತ ಪೂರ್ತಿ 1400 ಸಾಲು ಓದತ್ತೆ.

ಧಾರವಾಡ_ಫೇಡೆ:
ಹುಡುಕೂದಕ್ಕ ಬ್ಯಾರೆ ಟೂಲ್ ಕೊಟ್ಟೀರಿಲ್ಲೋ? ಇದ್ರ "ಹುಡುಕಲು ಮೊದಲು ಅದನ್ನು ಬಳಸು, ಸಿಕ್ಕ ಸಾಲಿನ ಸುತ್ತ ಮಾತ್ರ ಓದು" ಅಂತ ಈ ಡಿಸ್ಕ್ರಿಪ್ಶನ್ನಿನಾಗ ಹಾಕ್ರಿ.

ಮುದ್ದೆ_ಬಸ್ಸಾರು:
ಇಲ್ಲ ಸರ್. ಅದೂ ನನ್ ಪಾಲಿಗೇ ಬರೋ ಹಂಗಿದೆ.