ಎರಡಡಿಯ ಅಕ್ವೇರಿಯಂಗೆ ಪಾಚಿ ತಿನ್ನುವ ಯಾವ ಮೀನು ಸೂಕ್ತ?

ಪ್ರಶ್ನೆ: ಹೊಸ ಹವ್ಯಾಸಿ, ತುಮಕೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ತೊಟ್ಟಿಯನ್ನು ಇಟ್ಟು ಏಳು ವಾರಗಳಾದವು. ಅದರಲ್ಲಿ ಎಂಟು ಗಪ್ಪಿಗಳು, ಒಂದು ಸ್ಪಾಂಜ್ ಫಿಲ್ಟರ್ ಮತ್ತು ಮರದ ಬೇರಿಗೆ ಕಟ್ಟಿದ ಜಾವಾ ಫರ್ನ್ ಇವೆ. ನೀರು ಕೊಳವೆ ಬಾವಿಯದು; ಕಾಯಿಸಿದ ಪಾತ್ರೆಯಲ್ಲಿ ಬಿಳಿ ಪದರ ಉಳಿಯುವಷ್ಟು ಗಡಸು. ತೊಟ್ಟಿ ಪೂರ್ವದ ಕಿಟಕಿಯ ಪಕ್ಕದಲ್ಲಿರುವುದರಿಂದ ಬೆಳಿಗ್ಗೆ ಒಂದೂವರೆ ಗಂಟೆಯಷ್ಟು ಹೊತ್ತು ಬಿಸಿಲು ನೇರವಾಗಿ ಬೀಳುತ್ತದೆ. ಎಲ್‌ಇಡಿ ದೀಪವನ್ನು ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಹಚ್ಚಿರುತ್ತೇವೆ.

ಮೂರನೆಯ ವಾರದಿಂದ ಗಾಜಿನ ಮೇಲೂ ಎಲೆಗಳ ಮೇಲೂ ಕಂದು ಪುಡಿಯಂತಹ ಲೇಪ ಕೂರುತ್ತಿದೆ. ಬೆರಳಿನಿಂದ ಒರೆಸಿದರೆ ಹೋಗುತ್ತದೆ, ನಾಲ್ಕು ದಿನ ಕಳೆಯುವಷ್ಟರಲ್ಲಿ ಮತ್ತೆ ಬರುತ್ತದೆ. ಈಚೆಗೆ ಗಾಜಿನ ಮೇಲೆ ಸಣ್ಣ ಹಸಿರು ಚುಕ್ಕೆಗಳೂ ಕಾಣಿಸಿಕೊಂಡಿದ್ದು, ಅವು ಉಗುರಿನಿಂದ ಕೆರೆದರೂ ಸುಲಭವಾಗಿ ಬಿಡುತ್ತಿಲ್ಲ. ಅಂಗಡಿಯವರು ಒಂದು ಸಕ್ಕರ್ ಮೀನನ್ನು ಕೊಟ್ಟು, ಇದು ಪಾಚಿಯನ್ನೂ ಉಳಿದ ಮೀನುಗಳ ಹಿಕ್ಕೆಯನ್ನೂ ತಿಂದು ತೊಟ್ಟಿಯನ್ನು ಶುಚಿಯಾಗಿಡುತ್ತದೆ ಎಂದರು. ಈಗ ಎರಡು ಇಂಚಿನಷ್ಟಿರುವ ಆ ಮೀನು ಹಗಲೆಲ್ಲಾ ಮರದ ಬೇರಿನ ಹಿಂದೆ ಅವಿತುಕೊಂಡಿರುತ್ತದೆ. ಇದನ್ನೇ ಉಳಿಸಿಕೊಳ್ಳಬಹುದೇ, ಅಥವಾ ಇಷ್ಟು ಚಿಕ್ಕ ತೊಟ್ಟಿಗೆ ಹೊಂದುವ ಬೇರೆ ಮೀನು ಇದೆಯೇ? ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ: ಕೆರೆದಂಡೆ

ತೊಟ್ಟಿಯ ಅಳತೆ, ನೀರಿನ ಗುಣ, ಬೆಳಕಿನ ಅವಧಿ ಮೂರನ್ನೂ ನೀವು ಬರೆದಿರುವುದರಿಂದ ನೇರವಾಗಿ ಹೇಳಬಹುದು: ಸಕ್ಕರ್ ಮೀನು ನಿಮ್ಮ ತೊಟ್ಟಿಗೆ ಹೊಂದುವುದಿಲ್ಲ.

ನಮ್ಮ ಅಂಗಡಿಗಳಲ್ಲಿ ಸಕ್ಕರ್ ಎಂಬ ಹೆಸರಿನಲ್ಲಿ ಮಾರಾಟವಾಗುವುದು ಹೆಚ್ಚಾಗಿ ದಕ್ಷಿಣ ಅಮೆರಿಕ ಮೂಲದ ಪ್ಲೆಕೊ ಮರಿಗಳು. ಇವು ಬೆಳೆದಾಗ ಒಂದಡಿಯನ್ನು ಮೀರುತ್ತವೆ. ನಿಮ್ಮ ತೊಟ್ಟಿಯ ಅಗಲವೇ ಒಂದಡಿ, ಅಂದರೆ ಅದು ತಿರುಗಿ ಈಜಲೂ ಜಾಗವಿರುವುದಿಲ್ಲ. ಮರಿಯಾಗಿದ್ದಾಗ ಪಾಚಿಯನ್ನು ಕೆರೆಯುತ್ತದೆ ನಿಜ, ಆದರೆ ದೊಡ್ಡದಾದಂತೆ ತಳಕ್ಕೆ ಬಿದ್ದ ಆಹಾರವನ್ನೇ ಹೆಚ್ಚಾಗಿ ನೆಚ್ಚಿಕೊಳ್ಳುತ್ತದೆ. ಹಿಕ್ಕೆಯನ್ನು ತಿನ್ನುತ್ತದೆ ಎನ್ನುವ ಮಾತಂತೂ ಪೂರ್ತಿ ತಪ್ಪು. ಅದು ತಾನೇ ದಾರದಂತಹ ಉದ್ದನೆಯ ಹಿಕ್ಕೆಯನ್ನು ರಾಶಿಗಟ್ಟಲೆ ಹಾಕುತ್ತದೆ. ಆ ಕೊಳೆಯಿಂದ ಹುಟ್ಟುವ ನೈಟ್ರೇಟ್ ಪಾಚಿಗೇ ಗೊಬ್ಬರವಾಗುತ್ತದೆ. ಹಗಲಿನಲ್ಲಿ ಅವಿತುಕೊಂಡಿರುವುದು ಕಾಯಿಲೆಯಲ್ಲ, ಅದು ರಾತ್ರಿ ಸಂಚರಿಸುವ ಮೀನು.

ಅದನ್ನು ಅಂಗಡಿಗೆ ಹಿಂತಿರುಗಿಸಿ, ಅಥವಾ ದೊಡ್ಡ ತೊಟ್ಟಿ ಇರುವವರಿಗೆ ಕೊಡಿ. ಯಾವ ಕಾರಣಕ್ಕೂ ಕೆರೆಗೋ ಹೊಳೆಗೋ ಬಿಡಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಹೀಗೆ ಬಿಟ್ಟ ಮೀನುಗಳು ದೇಶದ ಹಲವು ಕೆರೆ, ನದಿಗಳಲ್ಲಿ ಈಗಾಗಲೇ ನೆಲೆಯೂರಿವೆ. ಮೊಟ್ಟೆಯಿಡಲು ದಂಡೆಯ ಮಣ್ಣಿನಲ್ಲಿ ಬಿಲ ತೋಡುತ್ತವೆ, ಮೈಮೇಲಿನ ಗಟ್ಟಿ ಫಲಕಗಳಿಂದಲೂ ಮುಳ್ಳುಗಳಿಂದಲೂ ಮೀನುಗಾರರ ಬಲೆಯನ್ನು ಹರಿಯುತ್ತವೆ, ಮತ್ತು ಬಲೆಗೆ ಸಿಕ್ಕರೂ ಕೊಳ್ಳುವವರಿರುವುದಿಲ್ಲ.

ಇನ್ನು ಪಾಚಿಯ ವಿಷಯ. ಮೀನನ್ನು ಆರಿಸುವ ಮೊದಲು ಪಾಚಿ ಯಾವುದೆಂದು ಗುರುತಿಸಬೇಕು, ಏಕೆಂದರೆ ಎಲ್ಲ ಬಗೆಯ ಪಾಚಿಯನ್ನೂ ತಿನ್ನುವ ಮೀನು ಇಲ್ಲ. ನೀವು ಹೇಳುವ ಕಂದು ಲೇಪ ಡಯಾಟಮ್ ಎಂಬ ಸೂಕ್ಷ್ಮಜೀವಿಗಳದು. ಹೊಸ ತೊಟ್ಟಿಗಳಲ್ಲಿ ಅದು ಕಾಣಿಸಿಕೊಳ್ಳುವುದು ಸಹಜ, ತೊಟ್ಟಿ ಹಳತಾದಂತೆ ಬಹುಮಟ್ಟಿಗೆ ತಾನಾಗಿಯೇ ಕಡಿಮೆಯಾಗುತ್ತದೆ. ಗಟ್ಟಿ ಹಸಿರು ಚುಕ್ಕೆಯನ್ನು ಕೆರೆಯುವ ಶಕ್ತಿ ಮೀನುಗಳಿಗಿಂತ ನೆರೈಟ್ ಬಸವನಹುಳುವಿಗೆ ಹೆಚ್ಚು. ನೀರೇ ಹಸಿರಾದರೆ, ಅಥವಾ ದುರ್ವಾಸನೆಯ ನೀಲಿಹಸಿರು ಲೋಳೆ ಹಬ್ಬಿದರೆ, ಮೀನು ತಂದು ಬಿಟ್ಟು ಪ್ರಯೋಜನವಿಲ್ಲ.

ನಿಮ್ಮ ತೊಟ್ಟಿಯಲ್ಲಿ ಪಾಚಿಗೆ ಮುಖ್ಯ ಕಾರಣ ಬೆಳಕು. ದೀಪವನ್ನು ದಿನಕ್ಕೆ ಆರರಿಂದ ಏಳು ಗಂಟೆಗೆ ಇಳಿಸಿ, ಕಿಟಕಿಯ ಕಡೆಯ ಗಾಜಿಗೆ ಹೊರಗಿನಿಂದ ದಪ್ಪ ಕಪ್ಪು ಕಾಗದವನ್ನು ಅಂಟಿಸಿ, ವಾರಕ್ಕೊಮ್ಮೆ ಕಾಲು ಭಾಗ ನೀರನ್ನು ಬದಲಿಸಿ, ಗಪ್ಪಿಗಳಿಗೆ ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿ. ಒಂದು ತಿಂಗಳು ಹೀಗೆ ಮಾಡಿದ ಮೇಲೂ ಪಾಚಿ ಉಳಿದಿದ್ದರೆ ಎರಡು ನೆರೈಟ್‌ಗಳನ್ನು ತನ್ನಿ. ಗಡಸು ನೀರಿನಲ್ಲಿ ಅವುಗಳ ಚಿಪ್ಪು ಗಟ್ಟಿಯಾಗಿ ಉಳಿಯುತ್ತದೆ. ಮೊಟ್ಟೆಗಳು ಒಡೆದು ಮರಿಗಳು ಬೆಳೆಯಲು ಉಪ್ಪಿನಂಶದ ನೀರು ಬೇಕಾಗಿರುವುದರಿಂದ ಅವುಗಳ ಸಂತತಿ ತೊಟ್ಟಿಯಲ್ಲಿ ಮಿತಿಮೀರುವುದಿಲ್ಲ. ಒಂದು ತೊಡಕು ಮಾತ್ರ ಇದೆ: ಮರದ ಬೇರಿನ ಮೇಲೆ ಬಿಳಿ ಎಳ್ಳನ್ನು ಅಂಟಿಸಿದಂತೆ ಅಲ್ಲಲ್ಲಿ ಮೊಟ್ಟೆಯಿಡುತ್ತವೆ. ಅವು ಮರಿಯಾಗುವುದಿಲ್ಲ, ಆದರೆ ಕೆರೆದು ತೆಗೆಯುವುದು ಕಷ್ಟ.

ಉತ್ತರ: ಹಸಿರುಗಾಜು, ಶಿವಮೊಗ್ಗ

ಮೇಲಿನವರ ಮಾತನ್ನು ಒಪ್ಪುತ್ತೇನೆ. ಆದರೆ ಮೀನೇ ಬೇಕು ಎನ್ನುವುದಾದರೆ ಚಿಕ್ಕ ತೊಟ್ಟಿಗೆ ನಿಜವಾಗಿ ಹೊಂದುವುದು ಓಟೊಸಿಂಕ್ಲಸ್, ಹವ್ಯಾಸಿಗಳ ಬಾಯಲ್ಲಿ ಓಟೊ. ನಾಲ್ಕೈದು ಸೆಂಟಿಮೀಟರಿಗಿಂತ ದೊಡ್ಡದಾಗುವುದಿಲ್ಲ, ಯಾರ ತಂಟೆಗೂ ಹೋಗುವುದಿಲ್ಲ, ಡಯಾಟಮ್‌ನಂತಹ ಮೃದು ಪಾಚಿಯನ್ನು ಬಹಳ ಇಷ್ಟಪಟ್ಟು ತಿನ್ನುತ್ತದೆ. ಗಾಜಿನ ಈಚೆಯಿಂದ ನೋಡಿದರೆ, ಬಟ್ಟಲಿನಂತಹ ಅದರ ಪುಟ್ಟ ಬಾಯಿ ಒಂದೇ ಸಮನೆ ಮಿಡಿಯುತ್ತಾ ಮುಂದೆ ಸರಿಯುವುದೂ ಅದರ ಹಿಂದೆ ತಿಳಿಯಾದ ಗಾಜಿನ ಸಣ್ಣ ದಾರಿಯೊಂದು ಉಳಿಯುವುದೂ ಕಾಣುತ್ತದೆ.

ಆದರೂ ಈಗಲೇ ತರಬೇಡಿ ಎಂದು ಹೇಳುವುದಕ್ಕೆ ನನ್ನದೇ ತಪ್ಪು ಕಾರಣವಾಗಿದೆ. ಮೊದಲ ಸಲ ನಾನು ಐದು ವಾರದ ತೊಟ್ಟಿಗೆ ಆರು ಓಟೊಗಳನ್ನು ತಂದೆ. ಹತ್ತು ದಿನಗಳಲ್ಲಿ ನಾಲ್ಕು ಸತ್ತವು. ನೀರಿನಲ್ಲಿ ಅಮೋನಿಯ ಇರಲಿಲ್ಲ, ಮೈಮೇಲೆ ರೋಗದ ಗುರುತಿರಲಿಲ್ಲ. ಹೊಟ್ಟೆ ಮಾತ್ರ ಒಳಕ್ಕೆ ಹೋಗಿ ಬೆನ್ನಿಗೆ ಅಂಟಿದಂತಿತ್ತು. ಈ ಮೀನುಗಳಲ್ಲಿ ಬಹುಪಾಲು ದಕ್ಷಿಣ ಅಮೆರಿಕದ ನದಿಗಳಲ್ಲಿ ಹಿಡಿದಂಥವು. ಸಾಗಾಟದ ದಿನಗಳಲ್ಲಿ ಮೇವಿಲ್ಲದೆ ಸೊರಗಿದ ಮೀನು, ಪಾಚಿ ಇನ್ನೂ ನೆಲೆಯೂರದ ತೊಟ್ಟಿಗೆ ಬಂದರೆ ಅಲ್ಲಿಯೂ ಹಸಿವಿನಲ್ಲೇ ಸಾಯುತ್ತದೆ. ಅವು ನನ್ನ ಕಣ್ಣೆದುರಿಗೇ ಹಸಿದು ಸತ್ತವು ಎಂಬ ನೋವು ಇನ್ನೂ ಹೋಗಿಲ್ಲ.

ಎರಡನೆಯ ಸಲ ತೊಟ್ಟಿಗೆ ಆರು ತಿಂಗಳಾಗುವವರೆಗೆ ಕಾದೆ. ಅಂಗಡಿಗೆ ಓಟೊಗಳು ಬಂದು ಎರಡು ವಾರ ಕಳೆದ ಮೇಲೆ ಹೋಗಿ, ಗಾಜಿಗೆ ಅಂಟಿಕೊಂಡಿದ್ದಾಗ ಹೊಟ್ಟೆ ದುಂಡಗೆ ಕಂಡವನ್ನು ಮಾತ್ರ ಆರಿಸಿ ತಂದೆ. ಎರಡು ದಿನಕ್ಕೊಮ್ಮೆ ರಾತ್ರಿ, ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿದ ಸೌತೆಕಾಯಿಯ ಬಿಲ್ಲೆಯನ್ನು ಚಮಚಕ್ಕೆ ಸಿಕ್ಕಿಸಿ ತಳಕ್ಕಿಳಿಸಿ, ಬೆಳಿಗ್ಗೆ ತೆಗೆಯುತ್ತಿದ್ದೆ. ಮೂರು ದಿನ ಅವು ಅದನ್ನು ಮುಟ್ಟಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ನೋಡಿದಾಗ ಸಿಪ್ಪೆಯ ಬಳೆ ಮಾತ್ರ ಉಳಿದಿತ್ತು. ಈ ಸಲ ತಂದ ಆರೂ ಇಂದಿಗೂ ಇವೆ.

ಅವು ಮೆದು ನೀರಿನಿಂದ ಬಂದಂಥವು. ನಿಮ್ಮ ನೀರು ಅಷ್ಟು ಗಡಸಾಗಿದ್ದರೆ ಒಂದು ಪಾಲು ಆರ್‌ಓ ನೀರನ್ನು ಬೆರೆಸುವ ಬಗ್ಗೆ ಯೋಚಿಸಬೇಕಾಗುತ್ತದೆ. ಗಪ್ಪಿಗಳಿಗೆ ಅದರ ಅಗತ್ಯವಿಲ್ಲ. ಆದ್ದರಿಂದ ನಿಮ್ಮ ಮಟ್ಟಿಗೆ ನಾನೂ ನೆರೈಟ್‌ನ ಪರವಾಗಿಯೇ ಇದ್ದೇನೆ.

ಉತ್ತರ: ಮೀನಮನೆ

ಅಂಗಡಿಯಲ್ಲಿ ಮತ್ತೆ ಮೋಸಹೋಗದಿರಲಿ ಎಂದು ಎರಡು ಮಾತು ಸೇರಿಸುತ್ತೇನೆ. ಚೈನೀಸ್ ಆಲ್ಗೀ ಈಟರ್ ಎಂಬ ಹೊಂಬಣ್ಣದ ಮೀನನ್ನು ಕೊಡಲು ಬಂದರೆ ಬೇಡವೆನ್ನಿ. ಅದು 25 ಸೆಂಟಿಮೀಟರಿನಷ್ಟು ಬೆಳೆಯುತ್ತದೆ, ದೊಡ್ಡದಾದ ಮೇಲೆ ಜಗಳಗಂಟಿಯಾಗಿ ಉಳಿದ ಮೀನುಗಳ ಮೈಗೆ ಅಂಟಿಕೊಂಡು ಲೋಳೆಯನ್ನು ಹೀರುತ್ತದೆ. ಸಯಾಮೀಸ್ ಆಲ್ಗೀ ಈಟರ್ ಬೇರೆ ಮೀನು. ಅದರ ಕಪ್ಪು ಪಟ್ಟೆ ಮೂತಿಯಿಂದ ಬಾಲದ ರೆಕ್ಕೆಯ ತುದಿಯವರೆಗೂ ಹೋಗುತ್ತದೆ, ಮತ್ತು ಬೇರೆ ಮೀನುಗಳು ಮುಟ್ಟದ ಕಪ್ಪು ಗಡ್ಡದ ಪಾಚಿಯನ್ನೂ ತಿನ್ನುತ್ತದೆ. ಒಳ್ಳೆಯ ಮೀನು, ಆದರೆ ಆರು ಇಂಚು ಬೆಳೆಯುವ ಚುರುಕಿನ ಈಜುಗಾರ; ಅದಕ್ಕೆ ಮೂರಡಿಗಿಂತ ಕಡಿಮೆ ಉದ್ದದ ತೊಟ್ಟಿ ಸಾಲದು.

ಬ್ರಿಸಲ್‌ನೋಸ್ ಪ್ಲೆಕೊ ಒಂದನ್ನು ಎರಡಡಿಯ ತೊಟ್ಟಿಯಲ್ಲಿ ಸಾಕಬಹುದೆಂದು ಹಲವರು ಹೇಳುತ್ತಾರೆ. ಐದು ಇಂಚು ಬೆಳೆಯುವ, ಅಷ್ಟೇ ಕೊಳೆ ಮಾಡುವ ಮೀನನ್ನು ಸುಮಾರು 50 ಲೀಟರ್ ನೀರಿನಲ್ಲಿಡುವುದನ್ನು ನಾನು ಒಪ್ಪಲಾರೆ.

ನಿಮ್ಮ ಗಡಸು ನೀರು ಒಂದು ಅನುಕೂಲವೇ ಆಗಿದೆ. ಮಾಲಿ ಮೀನುಗಳಿಗೆ ಅಂಥ ನೀರೇ ಹಿತ, ಮತ್ತು ಅವು ದಿನವಿಡೀ ಎಲೆ, ಬೇರುಗಳ ಮೇಲಿನ ಮೃದು ಪಾಚಿಯನ್ನು ಕುಕ್ಕುತ್ತಲೇ ಇರುತ್ತವೆ. ಗಪ್ಪಿಗಳ ಸಂಖ್ಯೆ ಹೆಚ್ಚದಂತೆ ನೋಡಿಕೊಂಡರೆ ಎರಡು ಮಾಲಿಗಳಿಗೆ ಜಾಗವಿದೆ. ಎರಡೂ ಹೆಣ್ಣಾಗಿದ್ದರೆ ಒಳ್ಳೆಯದು, ಆದರೆ ಅಂಗಡಿಯಿಂದ ಬರುವಾಗಲೇ ಗಬ್ಬವಾಗಿರುವ ಸಾಧ್ಯತೆ ಇರುವುದರಿಂದ ಒಂದೆರಡು ಬಾರಿ ಮರಿಗಳಾದರೆ ಆಶ್ಚರ್ಯಪಡಬೇಡಿ.

ಪ್ರಶ್ನೆ ಕೇಳಿದವರಿಂದ, ಐದು ವಾರಗಳ ನಂತರ

ಎಲ್ಲರಿಗೂ ಮನಸಾರೆ ಧನ್ಯವಾದಗಳು. ಅಂಗಡಿಯವರು ಸಕ್ಕರ್ ಮೀನನ್ನು ಹಿಂತೆಗೆದುಕೊಳ್ಳಲು ಒಪ್ಪಲಿಲ್ಲ. ಐದಡಿಯ ತೊಟ್ಟಿ ಇರುವ ಪರಿಚಯದವರೊಬ್ಬರು ಅದನ್ನು ಒಯ್ದರು. ದೀಪವನ್ನು ಟೈಮರ್ ಹಾಕಿ ಆರು ಗಂಟೆಗೆ ಇಳಿಸಿದೆ, ಕಿಟಕಿಯ ಬದಿಗೆ ಕಪ್ಪು ಕಾಗದ ಅಂಟಿಸಿದೆ. ನಾಲ್ಕನೆಯ ವಾರಕ್ಕೆ ಕಂದು ಲೇಪ ಬಹುಪಾಲು ನಿಂತಿತು. ಹಸಿರು ಚುಕ್ಕೆ ಉಳಿದಿದ್ದರಿಂದ ಕಳೆದ ಶನಿವಾರ ಎರಡು ನೆರೈಟ್‌ಗಳನ್ನು ತಂದಿದ್ದೇನೆ. ಒಂದು ಗಾಜಿನ ಎಡಮೂಲೆಯಿಂದ ಕೆಲಸ ಶುರುಮಾಡಿದ್ದು, ಅದು ಸಾಗಿದ ದಾರಿ ಅಂಕುಡೊಂಕಾಗಿ ಸ್ಪಷ್ಟವಾಗಿ ಕಾಣುತ್ತಿದೆ. ಇನ್ನೊಂದು ಎರಡು ದಿನಗಳಿಂದ ಫಿಲ್ಟರಿನ ಕೊಳವೆಯ ಮೇಲೆ ಅಲುಗಾಡದೆ ಕುಳಿತಿದೆ. ಇದು ಸಹಜವೇ?

ಉತ್ತರ: ಕೆರೆದಂಡೆ

ಹೊಸ ನೀರಿಗೆ ಬಂದ ನೆರೈಟ್ ಎರಡು ಮೂರು ದಿನ ಸುಮ್ಮನಿರುವುದು ಸಹಜ. ನಾಳೆಯೂ ಕದಲದಿದ್ದರೆ ಮೆಲ್ಲಗೆ ಬಿಡಿಸಿ ಮೂಸಿ ನೋಡಿ. ಸತ್ತಿದ್ದರೆ ತಡೆಯಲಾಗದ ದುರ್ವಾಸನೆ ಬರುತ್ತದೆ, ಆಗ ತಕ್ಷಣ ತೆಗೆಯಬೇಕು. ವಾಸನೆಯಿಲ್ಲದಿದ್ದರೆ ತಳದಲ್ಲಿ ಬಾಯಿ ಕೆಳಗಾಗುವಂತೆ ಇಡಿ, ಏಕೆಂದರೆ ಬೆನ್ನಡಿಯಾಗಿ ಬಿದ್ದರೆ ಅವು ಎಷ್ಟೋ ಸಲ ತಾವಾಗಿ ತಿರುಗಿಕೊಳ್ಳಲಾರವು. ತೊಟ್ಟಿಗೆ ಮುಚ್ಚಳವಿದೆಯೇ ಎಂದೂ ನೋಡಿಕೊಳ್ಳಿ, ರಾತ್ರಿ ಗಾಜು ಹತ್ತಿ ಹೊರಗೆ ಬಂದುಬಿಡುತ್ತವೆ.