ಬಿದಿರಿನ ಬೆನ್ನು, ಮರದ ಹೊಟ್ಟೆ: ಬಿಲ್ಲು ಮಾಡಿದವರು ಹೇಳಿ

ತೀರ್ಥಹಳ್ಳಿಯಿಂದ ಪ್ರಶ್ನೆ:
ತೇಗದ ಪಟ್ಟಿಗೆ ಬಿದಿರಿನ ದಬ್ಬೆ ಅಂಟಿಸಿ ಬಿಲ್ಲು ಮಾಡಿದೆ. ಐವತ್ತು ಬಾಣ ಬಿಡುವಷ್ಟರಲ್ಲಿ ಹೊಟ್ಟೆ ಕಡೆ ಕೂದಲೆಳೆಯಂಥ ಅಡ್ಡಗೀರು ಬಂದವು. ಹೆದೆ ಬಿಚ್ಚಿದರೂ ಬಿಲ್ಲು ಬಾಗಿಕೊಂಡೇ ಇರುತ್ತದೆ. ಬೆನ್ನಿಗೆ ಇನ್ನೂ ದಪ್ಪ ಬಿದಿರು ಹಾಕಲಾ?

ಸಾಗರದಿಂದ:
ದಯವಿಟ್ಟು ಹಾಕಬೇಡಿ. ನಾನೂ ಅದನ್ನೇ ಮಾಡಿ ಎರಡು ಬಿಲ್ಲು ಕಳೆದುಕೊಂಡೆ. ಹೆದೆ ಎಳೆದಾಗ ಗುರಿಯ ಕಡೆಗಿರುವ ಬೆನ್ನು ಹಿಗ್ಗಬೇಕು, ನಮ್ಮ ಕಡೆಗಿರುವ ಹೊಟ್ಟೆ ಕುಗ್ಗಬೇಕು. ಬಿದಿರಿನ ಹೊರಮೈ ನಾರು ಸುಲಭಕ್ಕೆ ಹಿಗ್ಗುವುದಿಲ್ಲ. ಅದು ಹಿಗ್ಗದಿದ್ದರೆ ಹೊಟ್ಟೆಯೇ ಜಾಸ್ತಿ ಕುಗ್ಗಬೇಕಾಗುತ್ತದೆ ಅಲ್ವಾ? ಮರ ಎಳೆತ ತಡೆದಷ್ಟು ಒತ್ತಡ ತಡೆಯುವುದಿಲ್ಲ. ನೀವು ನೋಡಿದ ಗೀರು, ನಾರು ಒತ್ತಡಕ್ಕೆ ಮಡಚಿಕೊಂಡ ಗುರುತು.

ನಾನೀಗ ದಬ್ಬೆಯನ್ನು ನಡುವಿನಲ್ಲಿ 3 ಮಿಲಿಮೀಟರ್‌ಗೆ ಇಳಿಸುತ್ತೇನೆ, ಅಂಚಿಗೆ ಬರುತ್ತಾ ಇನ್ನೂ ತೆಳು. ತೋಪಡ ಹಾಕುವುದು ಒಳಮೈಗೆ ಮಾತ್ರ. ಹೊರಮೈ ಮುಟ್ಟಬೇಡಿ, ಗೆಣ್ಣು ಉಬ್ಬಿದ್ದರೂ ಪೂರ್ತಿ ಸಪಾಟು ಮಾಡಬೇಡಿ. ನಾರು ಕಡಿದ ಜಾಗದಲ್ಲೇ ಬೆನ್ನು ಸಿಬಿರು ಏಳುತ್ತದೆ. ಅಂಟು ಒಣಗಿದ ಮೇಲೆ ಎರಡೂ ಪಕ್ಕವನ್ನು ಓರೆಯಾಗಿ ಕೀಸಿ, ಬೆನ್ನನ್ನು ಹೊಟ್ಟೆಗಿಂತ ಕಿರಿದು ಮಾಡುತ್ತೇನೆ. ಹೊಟ್ಟೆ 35 ಮಿಲಿಮೀಟರ್ ಅಗಲ ಇದ್ದರೆ ಬೆನ್ನು 25ರ ಆಸುಪಾಸು. ನನ್ನ ಬಿಲ್ಲುಗಳು ಉಳಿದದ್ದು ಈ ಓರೆಯಿಂದಲೇ.

ಹೊಟ್ಟೆಗೆ ಬಲ ಬೇಕಾದರೆ ಅಗಲ ಕೊಡಿ, ದಪ್ಪ ಬೇಡ. ದಪ್ಪ ಎರಡು ಪಟ್ಟಾದರೆ ಬಿಗಿ ಎಂಟು ಪಟ್ಟಾಗುತ್ತದೆ. ಅಷ್ಟೇ ಬಗ್ಗಿಸಿದರೂ ಹೊಟ್ಟೆಯ ಮೈ ಜಾಸ್ತಿ ಹಿಂಡಿಕೊಳ್ಳುತ್ತದೆ. ಹಳೇ ಕಾಲದ ತುರ್ಕಿ ಬಿಲ್ಲಿನ ಬೆನ್ನಿಗೆ ಪ್ರಾಣಿಗಳ ಸ್ನಾಯುರಜ್ಜುವಿನ ನಾರು, ಹೊಟ್ಟೆಗೆ ಕೊಂಬು ಹಾಕುತ್ತಿದ್ದರು. ನಾರು ಚೆನ್ನಾಗಿ ಹಿಗ್ಗುತ್ತದೆ, ಕೊಂಬು ಎಷ್ಟು ಒತ್ತಿದರೂ ತಡೆಯುತ್ತದೆ. ಜೋಡಿ ಅಂದರೆ ಹಾಗಿರಬೇಕು.

ನನಗೆ ತೇಗಕ್ಕಿಂತ ತಡಸಲು ಚೆನ್ನಾಗಿ ಒದಗಿದೆ. ಕೊಡಲಿ ಕಾವಿಗೆ ಹಾಕುವ ಮರ, ಬಳುಕುತ್ತದೆ. ಅದಕ್ಕಾಗಿ ಕಾಡಿಗೆ ಹೋಗಬೇಡಿ. ನನ್ನದು ಹಳೇ ಗಾಡಿಯ ಮೂಕಿಯಿಂದ ಸೀಳಿದ್ದು, ವರ್ಷಗಟ್ಟಲೆ ಒಣಗಿದ ಮರ. ಗೀರು ಬಿದ್ದ ಬಿಲ್ಲನ್ನು ಮಾತ್ರ ಇನ್ನು ಎಳೆಯಬೇಡಿ. ಮಡಚಿದ ನಾರು ಮತ್ತೆ ಕೂಡುವುದಿಲ್ಲ, ಮುಖದ ಹತ್ತಿರವೇ ಮುರಿಯಬಹುದು.

ಕೊಪ್ಪದಿಂದ:
ಸಾಗರದವರು ಹೇಳಿದ್ದು ಸರಿ. ಆದರೆ ಅಂಟಿಸಿದ್ದು ಯಾವಾಗ? ನೀರು ಹೀರಿದ ಮರ ಒತ್ತಡಕ್ಕೆ ಇನ್ನೂ ಬೇಗ ಸೋಲುತ್ತದೆ. ನಾನು ಆಷಾಢದ ಮಳೆಯಲ್ಲಿ ಮಾಡಿದ ಬಿಲ್ಲು ಒಂದೇ ವಾರದಲ್ಲಿ ಬಾಗಿಹೋಯಿತು, ದಬ್ಬೆ ತೆಳುವಾಗಿಯೇ ಇತ್ತು. ಈಗ ಪಟ್ಟಿಗಳನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟು ವಾರಕ್ಕೊಮ್ಮೆ ತೂಗುತ್ತೇನೆ. ತೂಕ ಇಳಿಯುವುದು ನಿಂತ ಮೇಲೆ, ಸಾಮಾನ್ಯವಾಗಿ ಶಿವರಾತ್ರಿ ಹೊತ್ತಿಗೆ, ಎಪಾಕ್ಸಿ ಅಂಟು ಹಚ್ಚಿ ಹಳೇ ಸೈಕಲ್ ಟ್ಯೂಬ್ ಸುತ್ತಿ ಬಿಗಿಯುತ್ತೇನೆ. ಟ್ಯೂಬ್ ಆದರೆ ಉದ್ದಕ್ಕೂ ಒಂದೇ ಸಮ ಒತ್ತುತ್ತದೆ.