ಸಹಾಯ ಬೇಕು: ತೋಟದಲ್ಲಿ ದುಡಿಯುವ ಅಪ್ಪನಿಗೆ ಅಗ್ಗದ ಫೋನೋ, ದುಬಾರಿಯದೋ?

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆ ಅಡಿಕೆ ತೋಟ ನೋಡಿಕೊಳ್ಳುವ ಅಪ್ಪನಿಗೆ ಹೊಸ ಮೊಬೈಲ್ ಕೊಳ್ಳಬೇಕಾಗಿದೆ. ಎಲೆಚುಕ್ಕೆ ರೋಗ ಬಿದ್ದ ಸೋಗೆಯ ಫೋಟೊ ತೆಗೆದು ಕೃಷಿ ತಜ್ಞರಿಗೆ ಕಳಿಸುವುದು, ಯುಪಿಐ, ನನ್ನೊಂದಿಗೆ ವಿಡಿಯೊ ಕರೆ: ಅವರ ಬಳಕೆ ಇಷ್ಟೇ. ಇದಕ್ಕೆ 20 ಸಾವಿರದೊಳಗಿನ ಫೋನ್ ಧಾರಾಳ ಸಾಕು ಎನ್ನುತ್ತಾನೆ ತಮ್ಮ.

ನನಗೆ ಮಳೆಯದೇ ಚಿಂತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫೋನ್ ಅವರ ಒದ್ದೆ ಜೇಬಿನಲ್ಲೇ ಇರುತ್ತದೆ. ಕೊಳೆರೋಗಕ್ಕೆ ಔಷಧಿ ಹೊಡೆಯುವ ದಿನ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಮೆತ್ತಿದ ಬೆರಳಿನಲ್ಲೇ ಕರೆ ಸ್ವೀಕರಿಸುತ್ತಾರೆ. ಸ್ಯಾಮ್‌ಸಂಗ್‌ನ ದುಬಾರಿ ಗ್ಯಾಲಕ್ಸಿ ಎಸ್24ಕ್ಕೆ ಐಪಿ68 ರಕ್ಷಣೆ ಇದೆ, ಅಂದರೆ ಸ್ವಲ್ಪ ಹೊತ್ತು ನೀರಿನಲ್ಲಿ ಮುಳುಗಿದರೂ ತಡೆಯುತ್ತದೆ. ಅದೇ ಕಂಪನಿಯ ಅಗ್ಗದ ಎ16 5ಜಿಗೆ ಇರುವುದು ಐಪಿ54, ಅಂದರೆ ತುಂತುರು ತಡೆಯುವಷ್ಟು ಮಾತ್ರ. ಆದರೆ ಐಪಿ68 ಪರೀಕ್ಷೆ ನಡೆಯುವುದು ಶುದ್ಧ ನೀರಿನಲ್ಲಿ. ಮೈಲುತುತ್ತ, ಸುಣ್ಣ ಬೆರೆತ ನೀರನ್ನು ಅದು ನಿಜಕ್ಕೂ ತಾಳಿಕೊಳ್ಳುತ್ತದೆಯೇ?

ಅಪ್‌ಡೇಟ್ ವಿಷಯದಲ್ಲಿ ಹೆಚ್ಚು ಅಂತರವಿಲ್ಲ: ಕಂಪನಿ ಎಸ್24ಕ್ಕೆ 7 ವರ್ಷ, ಎ16 5ಜಿಗೆ 6 ವರ್ಷ ಎಂದಿದೆ. ಬ್ಯಾಂಕಿನ ವ್ಯವಹಾರ ಇರುವುದರಿಂದ ಇದನ್ನು ನಾನು ಕಡೆಗಣಿಸಲಾರೆ.

ಮಲೆನಾಡಿನಲ್ಲಿ ಅಗ್ಗದ ಫೋನಿನಲ್ಲೇ ಎರಡು ಮಳೆಗಾಲ ದಾಟಿದವರು ದಯವಿಟ್ಟು ಮಾದರಿಯ ಹೆಸರು ತಿಳಿಸಿ. ಜಲನಿರೋಧಕ ಚೀಲದಲ್ಲಿಟ್ಟರೆ ಕರೆಯ ಧ್ವನಿ ಸ್ಪಷ್ಟವಾಗಿ ಕೇಳುತ್ತದೆಯೇ ಎಂಬುದನ್ನೂ ಹೇಳಿ. ಮೇ ಮುಗಿಯುವುದರೊಳಗೆ ಕೊಳ್ಳಬೇಕು.